ರಜೆಗೆ ಬಂದರೂ ಫೋನ್ ಬಿಡದ ಅಧ್ಯಕ್ಷ: ಟೆಕ್ಸಾಸ್‌ನ ಎಲ್‌ಬಿಜೆ ರಾಂಚ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಒಬ್ಬರ ಮನೆ ಹಿತ್ತಲಿನ ರನ್‌ವೇ. ಉದ್ದ 6,300 ಅಡಿ. ಬೇಲಿಯ ಆಚೆ ಹಸುಗಳು ಮೇಯುತ್ತಿವೆ. ಈಚೆ ಒಂದು ಪುಟ್ಟ ಜೆಟ್ ವಿಮಾನ ನಿಂತಿದೆ. ಮೇ ತಿಂಗಳ ಬಿಸಿಲು ಅಂತೂ ಕೇಳಲೇಬೇಡಿ, ಕ್ಯಾಮೆರಾ ಮುಟ್ಟಿದರೆ ಕೈ ಸುಡುತ್ತಿದೆ.

ಆಸ್ಟಿನ್‌ನಿಂದ 290ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಬಂದರೆ ಸ್ಟೋನ್‌ವಾಲ್ ಅಂತ ಒಂದು ಚಿಕ್ಕ ಊರು. ಪಕ್ಕದಲ್ಲೇ ಪೆಡರ್ನೇಲ್ಸ್ ಹೊಳೆ. ಅದರ ದಡದಲ್ಲಿ ಅಮೆರಿಕದ 36ನೇ ಅಧ್ಯಕ್ಷ ಲಿಂಡನ್ ಬೇನ್ಸ್ ಜಾನ್ಸನ್ (ಎಲ್‌ಬಿಜೆ) ಅವರ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು. ಅಧ್ಯಕ್ಷರ ರಜೆ ಮನೆಗಳು ಅಂದರೆ ಎಲ್ಲರೂ ಕ್ಯಾಂಪ್ ಡೇವಿಡ್ ಅನ್ನುತ್ತಾರೆ, ಇಲ್ಲವೇ ಕೆನಡಿಯವರ ಸಮುದ್ರದ ಪಕ್ಕದ ಮನೆ ಅನ್ನುತ್ತಾರೆ. ಕ್ಯಾಂಪ್ ಡೇವಿಡ್ ಒಳಗೆ ನಮ್ಮನ್ನು ಯಾರೂ ಬಿಡುವುದಿಲ್ಲ. ಇಲ್ಲಿ ಹಾಗಲ್ಲ. ಸ್ಟೇಟ್ ಪಾರ್ಕ್‌ನ ಕೌಂಟರ್‌ನಲ್ಲಿ ಒಂದು ಪರ್ಮಿಟ್ ತಗೊಂಡರೆ ಸಾಕು, ದುಡ್ಡು ಇಲ್ಲ, ನಮ್ಮದೇ ಕಾರಿನಲ್ಲಿ ಜಮೀನೆಲ್ಲ ಸುತ್ತಬಹುದು.

ಈ ವಿಮಾನದ ಕಥೆ ಕೇಳಿ. ಅಧ್ಯಕ್ಷರ ದೊಡ್ಡ ಬೋಯಿಂಗ್ 707 ಇಲ್ಲಿ ಇಳಿಯುವ ಹಾಗಿರಲಿಲ್ಲ, ಈ ರನ್‌ವೇ ಅದರ ಭಾರ ತಡೆಯುತ್ತಿರಲಿಲ್ಲ. ಹಾಗಾಗಿ ಆಸ್ಟಿನ್‌ನ ವಾಯುಪಡೆ ನೆಲೆಯಲ್ಲಿ ಅದನ್ನು ಇಳಿಸಿ, ಅಲ್ಲಿಂದ ಈ ಲಾಕ್‌ಹೀಡ್ ಜೆಟ್‌ಸ್ಟಾರ್ ಹತ್ತಿ ಮನೆಗೆ ಬರುತ್ತಿದ್ದರು. ಇದಕ್ಕೆ ಅವರೇ ಇಟ್ಟ ಹೆಸರು 'ಏರ್ ಫೋರ್ಸ್ ಒನ್ ಹಾಫ್', ಅಂದರೆ ಅಧ್ಯಕ್ಷರ ದೊಡ್ಡ ವಿಮಾನ 'ಏರ್ ಫೋರ್ಸ್ ಒನ್'ನ ಅರ್ಧ! ವಿಮಾನ ಇಳಿದು ಮನೆ ಬಾಗಿಲಿಗೆ ನಡೆದುಕೊಂಡೇ ಹೋಗಬಹುದು, ಅಷ್ಟು ಹತ್ತಿರ.

ಈಗ ಈ ನೀಲಿ ಕಾರು ನೋಡಿ. ಹಿಂದೆ ಹೋಗೋಣ ಬನ್ನಿ. ಬಂಪರ್ ಕೆಳಗೆ ಎರಡು ಪುಟ್ಟ ಪ್ರೊಪೆಲ್ಲರ್ ಕಾಣಿಸುತ್ತಿವೆಯಾ? ಇದು ಜರ್ಮನಿಯ ಆಂಫಿಕಾರ್, ರಸ್ತೆಯಲ್ಲೂ ಓಡುತ್ತದೆ, ನೀರಿನಲ್ಲೂ ತೇಲುತ್ತದೆ. ಜಾನ್ಸನ್ ಏನು ಮಾಡುತ್ತಿದ್ದರು ಗೊತ್ತಾ? ವಿಷಯ ಗೊತ್ತಿಲ್ಲದ ಅತಿಥಿಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಗಾಡಿ ಬಿಡುವುದು, ಬ್ರೇಕ್ ಹಿಡಿಯುತ್ತಿಲ್ಲ ಅಂತ ಕೂಗುವುದು, ನೇರ ನೀರಿಗೆ ನುಗ್ಗಿಸುವುದು. ಅತಿಥಿಗಳ ಜೀವ ಬಾಯಿಗೆ ಬರುತ್ತಿತ್ತು. ಕಾರು ಆರಾಮಾಗಿ ತೇಲುತ್ತಿತ್ತು. ಇವರು ಬಿದ್ದು ಬಿದ್ದು ನಗುತ್ತಿದ್ದರು. ಮುಳುಗುವ ಗಾಡಿಯಿಂದ ಅಧ್ಯಕ್ಷರನ್ನು ಉಳಿಸಲು ಯಾರು ಮೊದಲು ನೋಡುತ್ತಾರೆ, ಯಾರು ತಮ್ಮ ಜೀವ ಉಳಿಸಿಕೊಳ್ಳಲು ನೋಡುತ್ತಾರೆ ಅನ್ನುವುದೂ ಅವರಿಗೆ ತಿಳಿದಿರುತ್ತಿತ್ತು, ನನಗಂತೂ ಹಾಗೇ ಅನ್ನಿಸುತ್ತದೆ.

ಇದು ಮನೆ. ಬಿಳಿ ಬಣ್ಣದ, ಎರಡು ಅಂತಸ್ತಿನ, ದೊಡ್ಡ ಓಕ್ ಮರದ ನೆರಳಿನ ಮನೆ. ಅರಮನೆ ತರಹ ಏನೂ ಇಲ್ಲ. 1951ರಲ್ಲಿ, ಸೆನೆಟರ್ ಆಗಿದ್ದಾಗ, ವಯಸ್ಸಾದ ಸೋದರತ್ತೆಯಿಂದ ಕೊಂಡಿದ್ದು. ಆಗ ಪಾಳು ಬಿದ್ದ ಹಾಗಿತ್ತಂತೆ. ಕಟ್ಟಡದಲ್ಲಿ ದೋಷ ಕಂಡು 2018ರಲ್ಲಿ ಒಳಗಿನ ಟೂರ್ ನಿಲ್ಲಿಸಿದ್ದರು, ನಾನು ತೋರಿಸುತ್ತಿರುವುದೂ ಹೊರಗಿನಿಂದಲೇ. ಆದರೆ ಒಳಗೆ ಏನಿತ್ತು ಅನ್ನುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆಗಿನ ಮೂರು ಚಾನೆಲ್‌ಗಳ ಸುದ್ದಿ ಒಟ್ಟಿಗೆ ನೋಡಲು ಪಕ್ಕಪಕ್ಕದಲ್ಲಿ ಮೂರು ಟಿವಿ. ಎಲ್ಲಿ ಕೈ ಚಾಚಿದರೂ ಫೋನು. ಊಟದ ಮೇಜಿನಲ್ಲಿ ಅವರು ಕೂರುವ ಜಾಗದಲ್ಲೂ ಒಂದು ಫೋನು. ಈಜುಕೊಳದ ಹತ್ತಿರವೂ ಫೋನು. ಅಧ್ಯಕ್ಷಗಿರಿಯ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಸಮಯ ಅವರು ಕಳೆದಿದ್ದು ಇಲ್ಲೇ. ಪತ್ರಿಕೆಗಳು ಇದನ್ನು ಟೆಕ್ಸಾಸ್ ವೈಟ್ ಹೌಸ್ ಅಂತಲೇ ಬರೆಯುತ್ತಿದ್ದವು. ಈ ಮನೆಗೆ ಬಂದು ಅವರು ಒಂದು ದಿನವಾದರೂ ಸುಮ್ನೆ ಕೂತಿದ್ದರಾ? ನನಗೆ ನಂಬಿಕೆ ಇಲ್ಲ. ಆಫೀಸನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬಂದ ಮನುಷ್ಯ ಇವರು.

ಓಕ್ ಮರದ ಕೆಳಗೆ ಕುರ್ಚಿ ಹಾಕಿಸಿ ಮಂತ್ರಿಗಳು, ಸೇನಾಧಿಕಾರಿಗಳ ಜೊತೆ ಸಭೆ ಮಾಡುತ್ತಿದ್ದರು. ನಮ್ಮ ಹಳ್ಳಿಯ ಅರಳಿಕಟ್ಟೆಯ ಹಾಗೆ, ಆದರೆ ಇಲ್ಲಿ ಮಾತಾಡುತ್ತಿದ್ದುದು ವಿಯೆಟ್ನಾಂ ಯುದ್ಧದ ಬಗ್ಗೆ. ಅದನ್ನು ನೆನೆಸಿಕೊಂಡರೆ ಈ ಹುಲ್ಲುಹಾಸಿನ ಚಂದ ಸ್ವಲ್ಪ ಕಮ್ಮಿಯಾಗುತ್ತದೆ.

1963ರ ನವೆಂಬರ್ 22ರ ರಾತ್ರಿ ಆಗಿನ ಅಧ್ಯಕ್ಷ ಕೆನಡಿ ದಂಪತಿ ಇದೇ ಮನೆಯಲ್ಲಿ ಉಳಿಯಬೇಕಿತ್ತು. ಡಲ್ಲಾಸ್ ಕಾರ್ಯಕ್ರಮ, ಆಮೇಲೆ ಆಸ್ಟಿನ್‌ನ ಔತಣ ಮುಗಿಸಿ ರಾತ್ರಿ ಇಲ್ಲಿಗೆ ಬರುವುದು ಅಂತ ಏರ್ಪಾಡು. ಅಡುಗೆಮನೆಯಲ್ಲಿ ಪೆಕಾನ್ ಪೈ ಬೆಂದು ಸಿದ್ಧವಾಗಿತ್ತು. ಮಧ್ಯಾಹ್ನ ಡಲ್ಲಾಸ್‌ನಲ್ಲಿ ಗುಂಡು ಹಾರಿತು. ಅತಿಥಿ ಬರಲಿಲ್ಲ, ಉಪಾಧ್ಯಕ್ಷರಾಗಿದ್ದ ಮನೆಯ ಯಜಮಾನ ಅಧ್ಯಕ್ಷರಾದರು. ಆದರೆ ಡಿಸೆಂಬರ್ ಕೊನೆಗೆ ಆಗಲೇ ಪಶ್ಚಿಮ ಜರ್ಮನಿಯ ಚಾನ್ಸೆಲರ್ ಲುಡ್ವಿಗ್ ಎರ್ಹಾರ್ಡ್ ಅವರನ್ನು ಇಲ್ಲಿಗೇ ಕರೆಸಿದ್ದರು. ಔತಣ ಎಲ್ಲಿ ಗೊತ್ತಾ? ಸ್ಟೋನ್‌ವಾಲ್ ಹೈಸ್ಕೂಲಿನ ಜಿಮ್‌ನಲ್ಲಿ! ಊಟಕ್ಕೆ ಬಾರ್ಬೆಕ್ಯೂ, ಜೊತೆಗೆ ವ್ಯಾನ್ ಕ್ಲೈಬರ್ನ್ ಅವರ ಪಿಯಾನೊ. ಸುತ್ತಲಿನ ಊರುಗಳ ತುಂಬ ಜರ್ಮನಿಯಿಂದ ವಲಸೆ ಬಂದವರ ಮೊಮ್ಮಕ್ಕಳೇ ಇದ್ದರು, ಹಾಗಾಗಿ ಚಾನ್ಸೆಲರ್‌ಗೆ ಇಲ್ಲಿ ಪರಕೀಯ ಅನ್ನಿಸಿರಲಿಕ್ಕಿಲ್ಲ.

ಹೊಳೆಯ ಪಕ್ಕ ಸ್ವಲ್ಪ ಮುಂದೆ ಹೋದರೆ ಅವರು ಹುಟ್ಟಿದ ಮನೆ. ಹುಟ್ಟಿದ ಜಾಗ ಹೌದು, ಮನೆ ಆಮೇಲಿನದು. ಹಳೆಯದನ್ನು ಎಂದೋ ಕೆಡವಿದ್ದರು. 1964ರಲ್ಲಿ, ಅಧ್ಯಕ್ಷರಾಗಿದ್ದಾಗಲೇ, ತಾವು ಹುಟ್ಟಿದ ಮನೆಯನ್ನು ತಾವೇ ಮತ್ತೆ ಕಟ್ಟಿಸಿ ಅತಿಥಿಗೃಹ ಮಾಡಿದರು. ಅಧಿಕಾರದಲ್ಲಿ ಇರುವಾಗಲೇ ಹೀಗೆ ಮಾಡಿದ ಅಧ್ಯಕ್ಷ ಇನ್ನೊಬ್ಬರಿಲ್ಲ. ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?

ಆದರೆ ಇದೇ ಮನುಷ್ಯ ಈ ಪಕ್ಕದ ಒಂದು ಕೋಣೆಯ ಶಾಲೆಗೆ ಮಾಡಿದ್ದು ನನಗೆ ಇಷ್ಟವಾಯಿತು. ಇದು ಜಂಕ್ಷನ್ ಸ್ಕೂಲ್. ನಾಲ್ಕನೇ ವಯಸ್ಸಿಗೇ ಮನೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಓಡಿ ಬರುತ್ತಿದ್ದರಂತೆ. ಟೀಚರ್ ತೊಡೆಯ ಮೇಲೆ ಕೂತರೆ ಮಾತ್ರ ಪಾಠ ಓದುವುದು. 1965ರ ಏಪ್ರಿಲ್ 11ರಂದು, ಬಡ ಮಕ್ಕಳ ಶಾಲೆಗಳಿಗೆ ಮೊದಲ ಸಲ ಕೇಂದ್ರ ಸರ್ಕಾರದ ದುಡ್ಡು ದೊಡ್ಡ ಪ್ರಮಾಣದಲ್ಲಿ ಕೊಡುವ ಶಿಕ್ಷಣ ಕಾಯ್ದೆಗೆ ಅವರು ಸಹಿ ಹಾಕಿದ್ದು ಇದೇ ಶಾಲೆಯ ಅಂಗಳದಲ್ಲಿ ಮೇಜು ಹಾಕಿ. ಪಕ್ಕದಲ್ಲಿ ಕೂತಿದ್ದವರು ಅದೇ ಟೀಚರ್, ಕೇಟ್ ಡೆಡ್ರಿಚ್ ಲೋನಿ.

ಈ ನೆಲದ ಬಡತನ ಅವರಿಗೆ ಹೊಸದಲ್ಲ. 1930ರ ದಶಕದ ಕೊನೆಯವರೆಗೂ ಈ ಗುಡ್ಡಗಾಡಿನ ಹಳ್ಳಿಗಳಿಗೆ ಕರೆಂಟ್ ಇರಲಿಲ್ಲ. ಹೆಂಗಸರು ಬಾವಿಯಿಂದ ನೀರು ಸೇದಿ, ಸೌದೆ ಒಲೆ ಮೇಲೆ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಕಾಯಿಸಿ ಬಟ್ಟೆ ಉಜ್ಜುತ್ತಿದ್ದರು. ಹೊಸದಾಗಿ ಸಂಸದರಾಗಿದ್ದ ಜಾನ್ಸನ್ ಅಧ್ಯಕ್ಷ ರೂಸ್‌ವೆಲ್ಟ್ ತನಕ ಹೋಗಿ, ಹಿಡಿದ ಪಟ್ಟು ಬಿಡದೆ, ಪೆಡರ್ನೇಲ್ಸ್ ವಿದ್ಯುತ್ ಸಹಕಾರಿ ಸಂಘಕ್ಕೆ ಸಾಲ ಕೊಡಿಸಿದರು. ದಾರಿಯಲ್ಲಿ ಕಂಡ ಕರೆಂಟ್ ಕಂಬಗಳು ಇವತ್ತಿಗೂ ಅದೇ ಸಂಘದ್ದು.

ನಮ್ಮೂರಿಗೂ ಈ ಮನೆಗೂ ಒಂದು ನಂಟು ಇದೆ. 1965, 66ರ ಬರಗಾಲದಲ್ಲಿ ಭಾರತಕ್ಕೆ ಪಿಎಲ್-480 ಅನ್ನುವ ಆಹಾರ ನೆರವಿನ ಯೋಜನೆಯಲ್ಲಿ ಅಮೆರಿಕದ ಗೋಧಿ ಬರುತ್ತಿತ್ತು. ಹಡಗು ಯಾವಾಗ ಹೊರಡಬೇಕು ಅನ್ನುವುದನ್ನು ಜಾನ್ಸನ್ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಒಮ್ಮೆಗೇ ಕೊಡದೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬಿಡುತ್ತಿದ್ದರು. ಭಾರತ ಕೃಷಿಗೆ ಜಾಸ್ತಿ ಗಮನ ಕೊಡಲಿ ಅನ್ನುವುದು ಒಂದು ಕಾರಣ, ವಿಯೆಟ್ನಾಂ ವಿಷಯದಲ್ಲಿ ದೆಹಲಿ ಟೀಕೆ ಮಾಡುತ್ತಿದೆ ಅನ್ನುವ ಸಿಟ್ಟು ಇನ್ನೊಂದು. ಶಾಲೆಯಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದ ನಮ್ಮ ದೊಡ್ಡವರು ಇನ್ನೂ ಅದರ ವಾಸನೆ ನೆನೆಸಿಕೊಳ್ಳುತ್ತಾರೆ. ಕೊಟ್ಟರು, ನಿಜ. ಕಾಯಿಸಿ ಕಾಯಿಸಿ ಕೊಟ್ಟರು ಅನ್ನುವುದೂ ನಿಜ.

1969ರ ಜನವರಿಯಲ್ಲಿ ಅಧಿಕಾರ ಬಿಟ್ಟು ಶಾಶ್ವತವಾಗಿ ಇಲ್ಲಿಗೆ ಬಂದರು. ಕೂದಲು ಭುಜದ ತನಕ ಬೆಳೆಸಿದರು. ಆಗಲಾದರೂ ವಿಶ್ರಾಂತಿ? ಎಲ್ಲಿ ಬಂತು! ಬೆಳಿಗ್ಗೆ ಆಳುಗಳ ಸಭೆ. ಯಾವ ಹಸುವಿಗೆ ಹುಷಾರಿಲ್ಲ, ಯಾವ ಪಂಪ್ ಕೆಟ್ಟಿದೆ, ಕೋಳಿಗಳು ಎಷ್ಟು ಮೊಟ್ಟೆ ಇಟ್ಟವು, ಎಲ್ಲದಕ್ಕೂ ಲೆಕ್ಕ ಬೇಕು. 1973ರ ಜನವರಿ 22ರಂದು ಇದೇ ಮನೆಯಲ್ಲಿ ಹೃದಯಾಘಾತವಾಯಿತು. 64 ವರ್ಷ. ಐದು ದಿನ ಕಳೆದು ಪ್ಯಾರಿಸ್‌ನಲ್ಲಿ ವಿಯೆಟ್ನಾಂ ಒಪ್ಪಂದಕ್ಕೆ ಸಹಿ ಬಿತ್ತು. ಈ ಕಲ್ಲಿನ ಗೋಡೆಯ ಒಳಗಿರುವುದು ಕುಟುಂಬದ ಸ್ಮಶಾನ. 2007ರಲ್ಲಿ ತೀರಿಕೊಂಡ ಪತ್ನಿ ಲೇಡಿ ಬರ್ಡ್ ಅವರನ್ನೂ ಪಕ್ಕದಲ್ಲೇ ಮಣ್ಣು ಮಾಡಿದ್ದಾರೆ.

ಸಾಯುವ ಮುಂಚೆಯೇ ರಾಂಚನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ದಾನ ಮಾಡಿದ್ದರು. ಷರತ್ತು ಒಂದೇ: ಇಲ್ಲಿ ದನ ಸಾಕುವುದು ನಿಲ್ಲಬಾರದು. ಹಾಗಾಗಿ ಈ ಕೆಂಪು ಮೈ, ಬಿಳಿ ಮುಖದ ಹೆರ್ಫರ್ಡ್ ದನಗಳನ್ನು ಸರ್ಕಾರವೇ ಸಾಕುತ್ತಿದೆ. ನೋಡಿ, ಇದೊಂದು ರಸ್ತೆ ಮಧ್ಯೆ ನಿಂತುಬಿಟ್ಟಿದೆ. ಹಾರ್ನ್ ಹೊಡೆಯಬಾರದು ಅಂತ ಬೋರ್ಡ್ ಏನೂ ಕಾಣಲಿಲ್ಲ, ಆದರೂ ಹೊಡೆಯಲಿಲ್ಲ. ಅದು ಹೋದ ಮೇಲೆ ನಾವು ಸ್ಟೋನ್‌ವಾಲ್‌ನ ಪೀಚ್ ಅಂಗಡಿಗೆ. ಈ ಸೀಸನ್‌ನಲ್ಲಿ ಬಂದರೆ ಒಂದು ಬುಟ್ಟಿ ತಗೊಳ್ಳದೆ ಹೋಗಬೇಡಿ.