ಮಗುವಿನ ಹಲ್ಲಿಗೆ ಮಗುವನ್ನೇ ಬೈಯೋದು ಯಾಕೆ?

ನಮಸ್ಕಾರ. ಇವತ್ತು ಸ್ವಲ್ಪ ಜಗಳಕ್ಕೆ ನಿಂತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬಾಗೇಪಲ್ಲಿ, ಗುಡಿಬಂಡೆ ಕಡೆ ಯಾವ ಮದುವೆ ಮನೆಗೆ ಹೋದರೂ ಒಬ್ಬ ದೊಡ್ಡಪ್ಪ ಇರುತ್ತಾರೆ. ಹತ್ತು ವರ್ಷದ ಹುಡುಗನನ್ನು ಹಿಡಿದು ನಿಲ್ಲಿಸಿ, "ಏನೋ ಹಲ್ಲು ಹಿಂಗಿದೆ, ಉಜ್ಜಲ್ವೇನೋ?" ಅಂತ ಎಲ್ಲರ ಎದುರು ಕೇಳುತ್ತಾರೆ. ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಆಮೇಲೆ ಫೋಟೋದಲ್ಲೂ ನಗುವುದಿಲ್ಲ.

ಅವನು ಉಜ್ಜುತ್ತಾನೆ ದೊಡ್ಡಪ್ಪ. ಆ ಕಂದು ಕರೆ ಬೋರ್ ನೀರಿನದು. ಚಿಕ್ಕಬಳ್ಳಾಪುರ, ಕೋಲಾರ, ಅತ್ತ ಪಾವಗಡ, ನಮ್ಮ ಕಡೆಯ ಬಂಡೆಯಲ್ಲೇ ಫ್ಲೋರೈಡ್ ಅನ್ನೋ ಖನಿಜಾಂಶ ಇದೆ, ಅದು ನೀರಿಗೆ ಇಳಿಯುತ್ತದೆ. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲುಗಳ ಮೇಲ್ಪದರ ದವಡೆಯೊಳಗೇ ತಯಾರಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ಇಂಥ ನೀರು ಕುಡಿದರೆ ಹಲ್ಲು ಮೊಳೆಯುವಾಗಲೇ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇರುತ್ತದೆ. ಜಾಸ್ತಿಯಾದರೆ ಕಂದು. ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳಲ್ಲಿ ಸಾಮಾನ್ಯವಾಗಿ ಒಂದೇ ಥರ ಕಾಣುತ್ತದೆ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಕರೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ ಅಷ್ಟೆ.

"ನಾವು ನೀರು ಕುದಿಸಿಯೇ ಕೊಡ್ತೀವಿ" ಅನ್ನುವವರು ಇದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ, ಮಗುವಿನ ರಾಗಿ ಸರಿ ಮಾತ್ರ ನಲ್ಲಿ ನೀರಲ್ಲೇ ಬೇಯುತ್ತದೆ. ದಿನಾ ಆ ಸರಿ ತಿನ್ನುವ ಕೂಸಿನ ಹಲ್ಲಿಗೆ ಇದು ಲೆಕ್ಕಕ್ಕೆ ಬರುತ್ತದೆ.

ಇನ್ನು ಹುಳುಕು. ಇದು ಬೇರೆ ಕಥೆ, ಆದರೆ ಇಲ್ಲೂ ತಪ್ಪು ದೊಡ್ಡವರದೇ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವವರು ನಾವು. ಟೀಗೆ ಬಿಸ್ಕತ್ತು ಅದ್ದಿ ಕೊಡುವವರೂ ನಾವೇ. ಅಂದ ಹಾಗೆ ಟೀ ಪುಡಿಯಲ್ಲೂ ಫ್ಲೋರೈಡ್ ಇದೆ, ಮಕ್ಕಳಿಗೆ ಟೀ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೊನೆಗೆ ಹಲ್ಲು ಕಪ್ಪಾದಾಗ, "ಹಾಲು ಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡಿ." ಹಿಂದಿನ ಹಾಲು ಹಲ್ಲುಗಳು 10, 12 ವರ್ಷದವರೆಗೂ ಇರಬೇಕು ಸ್ವಾಮಿ. ಅಲ್ಲಿಯವರೆಗೆ ಮಗು ಯಾವುದರಲ್ಲಿ ಅಗಿಯಬೇಕು?

ನಾಲ್ಕು ವರ್ಷದ ಮಗುವಿನ ಕೈಗೆ ಬ್ರಷ್ ಕೊಟ್ಟು ಬಚ್ಚಲಿಗೆ ಕಳಿಸಿದರೆ ಅದು ಬ್ರಷ್ ಕಚ್ಚುತ್ತದೆ, ಪೇಸ್ಟ್ ನುಂಗುತ್ತದೆ, ಓಡಿ ಬರುತ್ತದೆ. 7, 8 ವರ್ಷದವರೆಗೆ ಉಜ್ಜುವ ಕೆಲಸ ನಮ್ಮದು. ಬೆಳಿಗ್ಗೆ ಸ್ಕೂಲ್ ವ್ಯಾನ್ ಗಡಿಬಿಡಿ ಇರಲಿ, ರಾತ್ರಿಯದು ಮಾತ್ರ ತಪ್ಪಬಾರದು. ತಲೆ ತೊಡೆ ಮೇಲೆ ಇರಲಿ. ಒಂದು ಬೆರಳಲ್ಲಿ ಕೆನ್ನೆ ಸರಿಸಿ, ಬ್ರಷ್ ಮೆಲ್ಲಗೆ ಹಿಂದಿನವರೆಗೆ ಹೋಗಲಿ. 6 ವರ್ಷದ ಹೊತ್ತಿಗೆ ಕೊನೆಯ ಹಾಲು ಹಲ್ಲಿನ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಅದರ ಜಾಗದಲ್ಲಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಹಾಲು ಹಲ್ಲೇ ಅಂದುಕೊಂಡು ಸುಮ್ಮನಾಗುತ್ತೇವೆ. ಅದು ಶಾಶ್ವತ ಹಲ್ಲು. ಅದರ ಗೀರುಗಳಲ್ಲೇ ಹುಳುಕು ಬೇಗ ಶುರುವಾಗುವುದು.

ಪೇಸ್ಟ್? ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಾಕುತ್ತಾರೆ, ಅದು ಮಾರೋಕೆ. 3 ವರ್ಷದ ಒಳಗಿದ್ದರೆ ಅಕ್ಕಿ ಕಾಳಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ಉಗುಳೋದು ಕಲಿಸಿ. ಪೇಸ್ಟಲ್ಲೂ ಸಾಮಾನ್ಯವಾಗಿ ಫ್ಲೋರೈಡ್ ಇರುತ್ತದೆ, ಹಾಗಾಗಿ ನೀರಲ್ಲೇ ಅದು ಜಾಸ್ತಿ ಇರುವ ಊರಾದರೆ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಅಂತ ಹಲ್ಲಿನ ಡಾಕ್ಟರನ್ನು ಒಂದು ಮಾತು ಕೇಳಿಬಿಡಿ.

ಅದಕ್ಕೂ ಮುಂಚೆ ಪಂಚಾಯ್ತಿಗೆ ಹೋಗಿ, ನಿಮ್ಮ ಬೋರ್ ನೀರಿನ ಪರೀಕ್ಷೆಯ ರಿಪೋರ್ಟ್ ಕೇಳಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದನ್ನೂ ದಾಟಿದ್ದರೆ ಆ ನೀರು ಸ್ನಾನಕ್ಕೆ, ಬಟ್ಟೆಗೆ, ಹಸುವಿನ ಕೊಟ್ಟಿಗೆ ತೊಳೆಯೋಕೆ. ರಿಪೋರ್ಟ್ ಇಲ್ಲ ಅಂದರೆ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಬರೆದುಕೊಡಿ. ಆ ದೊಡ್ಡಪ್ಪನ ಸಹಿಯನ್ನೂ ಹಾಕಿಸಿ.