ಗುಡ್ಡದೊಳಗೆ ಮದ್ದು, ಊರಿಗೆಷ್ಟು ದೂರ?

ಕೇಳುಗರಿಗೆ ನಮಸ್ಕಾರ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿಯಲ್ಲಿದ್ದ, ಕ್ವಾರಿಯ ಕಲ್ಲು ಸಿಡಿಸುವ ಜಿಲೆಟಿನ್ ಮದ್ದು ಸಿಡಿದಾಗ, ಚಿಕ್ಕಮಗಳೂರು ಕಡೆಯವರೂ ಭೂಕಂಪವೆಂದೇ ಹೆದರಿದರು. ಅದು ಬಯಲಲ್ಲಿ ಆದದ್ದು. ಗುಡ್ಡ ಕೊರೆದು ಸಿಡಿಮದ್ದನ್ನು ಒಳಗಿಟ್ಟರೆ ಊರಿಗೆ ಚಿಂತೆಯಿಲ್ಲ ಅನ್ನುವವರಿದ್ದಾರೆ. ಆ ಮಾತು ಅರ್ಧ ಮಾತ್ರ ಸರಿ.

ನೆಲದ ಮೇಲಿನ ಉಗ್ರಾಣದ ಲೆಕ್ಕ ಮೊದಲು ನೋಡೋಣ. ಮದ್ದಿನ ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು ಅದರ ಘನಮೂಲ ಹಿಡಿಯಬೇಕು, 1000ಕ್ಕೆ 10, 8000ಕ್ಕೆ 20 ಇದ್ದ ಹಾಗೆ. ಸೇನಾ ಮದ್ದುಗುಂಡಿನ ನಿಯಮಗಳಲ್ಲಿ ದೊಡ್ಡ ದಾಸ್ತಾನಿಗೂ ಮನೆಗಳಿಗೂ ನಡುವೆ ಘನಮೂಲದ 22.2 ಪಟ್ಟು ಮೀಟರ್ ದೂರ ಇಡುತ್ತಾರೆ. 8000 ಕಿಲೋಗೆ 444 ಮೀಟರ್, 64,000 ಕಿಲೋಗೆ 888. ಮದ್ದು ಎಂಟು ಪಟ್ಟಾದರೂ ದೂರ ಎರಡೇ ಪಟ್ಟು. ಅಷ್ಟು ದೂರದಲ್ಲೂ ಸುಮಾರು 5 ಕಿಲೋಪ್ಯಾಸ್ಕಲ್ ಒತ್ತಡ ಬಡಿಯುತ್ತದೆ. ಗೋಡೆ ನಿಂತೀತು, ಕಿಟಕಿಯ ಗಾಜು ಉಳಿಯುವುದಿಲ್ಲ. ಹಾರಿಬರುವ ಕಲ್ಲಿಗಂತೂ ಈ ಲೆಕ್ಕ ಸಾಲದು, ಅದಕ್ಕೆ ಬೇರೆಯೇ ಕನಿಷ್ಠ ದೂರವಿದೆ. ನಮ್ಮ ಕ್ವಾರಿ ಮ್ಯಾಗಜೀನುಗಳಿಗೆ, ಅಂದರೆ ಸಿಡಿಮದ್ದಿನ ಉಗ್ರಾಣಗಳಿಗೆ, 2008ರ ಸ್ಫೋಟಕ ನಿಯಮಗಳ ಕೋಷ್ಟಕವೇ ಪ್ರಮಾಣ.

ಸುರಂಗದೊಳಗೆ ಸಿಡಿದರೆ ಬಿಸಿ ಅನಿಲಕ್ಕೆ ಇರುವುದು ಒಂದೇ ದಾರಿ. ಸುರಂಗ ಕೋವಿಯ ನಳಿಗೆಯಾಗುತ್ತದೆ. ಬಾಯಿಯ ನೇರಕ್ಕೆ ಒತ್ತಡ ಬಹಳ ದೂರ ಹೋಗುತ್ತದೆ, ಮಗ್ಗುಲಿಗೆ ಬೇಗ ಇಳಿಯುತ್ತದೆ. ಕಿತ್ತುಹೋದ ಬಾಗಿಲೂ ಕಲ್ಲಿನ ಚೂರೂ ಅದೇ ನೇರಕ್ಕೆ. ಅದಕ್ಕೇ ಒಂದೇ ಉಗ್ರಾಣದ ಸುತ್ತ ಒಂದೇ ವೃತ್ತ ಎಳೆದು ಮುಗಿಸುವುದು ತಪ್ಪು. ಬಾಯಿ ಕಣಿವೆಯ ತೋಟ, ಮನೆಗಳ ಕಡೆ ತೆರೆದಿರಬಾರದು. ಎದುರಿಗೆ ಗಟ್ಟಿ ತಡೆಗೋಡೆ ಬೇಕು.

ಇನ್ನು ತಲೆಯ ಮೇಲಿನ ಬಂಡೆ. ಅದರ ದಪ್ಪ ಮೀಟರಿನಲ್ಲಿ ಆ ಘನಮೂಲಕ್ಕಿಂತ ಕಡಿಮೆಯಾದರೆ, ಅಂದರೆ 1000 ಕಿಲೋಗೆ ಸುಮಾರು 10 ಮೀಟರಿಗಿಂತ ತೆಳುವಾದರೆ, ಗುಡ್ಡವೇ ಒಡೆದು ಬಂಡೆ ಹಾರುವ ಅಪಾಯ. ಮಲೆನಾಡಿನಲ್ಲಿ ಎಡವುವುದು ಇಲ್ಲೇ. ದಪ್ಪವನ್ನು ನೆತ್ತಿಯಿಂದ ನೇರ ಕೆಳಕ್ಕೆ ಅಳೆಯುತ್ತಾರೆ; ಇಳಿಜಾರಿನ ಮಗ್ಗುಲು ಅದಕ್ಕಿಂತ ಹತ್ತಿರವಿರುತ್ತದೆ. ಅತಿ ಹತ್ತಿರದ ಮೈಗೆ ಅಳೆಯಬೇಕು. ಮೇಲಿನ ಜಂಬಿಟ್ಟಿಗೆ, ಕೊಳೆತ ಕಲ್ಲು ಲೆಕ್ಕಕ್ಕೆ ಬೇಡ, ಕೊರೆದು ನೋಡಿ ಗಟ್ಟಿ ಬಂಡೆಯನ್ನಷ್ಟೇ ಎಣಿಸಿ. ಮಳೆಗಾಲದಲ್ಲಿ ನೀರು ಕುಡಿದ ನೆಲ ಕಂಪನವನ್ನು ಇನ್ನೂ ಚೆನ್ನಾಗಿ ಒಯ್ಯುತ್ತದೆ.

ಮದ್ದನ್ನು ಸಿಡಿಸುವ ಕಡ್ಡಿಗಳಾದ ಡಿಟೊನೇಟರುಗಳು ಬೇರೆ ಕೋಣೆಯಲ್ಲೇ ಇರಬೇಕು. ಲೈಸೆನ್ಸಾದ ಮೇಲೆ ಸುರಕ್ಷಿತ ದೂರದೊಳಗೆ ಹೊಸ ಶೆಡ್ಡು, ಕೂಲಿ ಲೈನು ಎದ್ದರೆ ದಾಸ್ತಾನು ಇಳಿಸಬೇಕು, ಇಲ್ಲವೇ ಶೆಡ್ಡು ತೆಗೆಸಬೇಕು.