ಬ್ಯಾಗ್ ಇದ್ದರೂ ತಲೆ ಮೇಲೆ ನೀರು ಹಾಕಿಕೊಳ್ಳಿ

ಕೇಳುಗರಿಗೆ ನಮಸ್ಕಾರ. ಕರುಳಿನ ಆಪರೇಷನ್ ಆಗಿ ಹೊಟ್ಟೆ ಮೇಲೆ ಮಲ ಸೇರುವ ಬ್ಯಾಗ್ ಹಾಕಿಕೊಂಡಿರುವವರಿಗೆ, ಅವರ ಮನೆಯವರಿಗೆ ಈ ಮಾತು. ಮೊದಲೇ ಹೇಳಿಬಿಡುತ್ತೇನೆ. ಸ್ನಾನ ಮಾಡಿ. ನೀರು ಒಳಗೆ ಹೋಗುವುದಿಲ್ಲ.

ಬ್ಯಾಗಿನ ಕೆಳಗೆ, ಹೊಟ್ಟೆ ಮೇಲೆ ಕೆಂಪಗೆ ಕಾಣುವ, ಮಲ ಹೊರಬರುವ ಕರುಳಿನ ತುದಿಗೆ ಸ್ಟೋಮಾ ಅನ್ನುತ್ತೇವೆ. ಅದು ಗಾಯ ಅಲ್ಲ. ಮುಟ್ಟಿದರೆ ನೋಯುವುದಿಲ್ಲ, ಸೋಪು ತಗುಲಿದರೆ ಉರಿಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ತಿಂಗಳು ಕಳೆಯುತ್ತಾರೆ!

ನಮ್ಮಲ್ಲಿಗೆ ಒಬ್ಬರು ರಿಟೈರ್ಡ್ ಮೇಷ್ಟ್ರು ಬರುತ್ತಿದ್ದರು. ಒಮ್ಮೆ ಅವರ ಹೆಂಡತಿ, "ಸಿಸ್ಟರ್, ಇವರಿಗೆ ನೀವೇ ಬುದ್ಧಿ ಹೇಳಿ" ಅಂದರು. ನೋಡಿದರೆ, ಹಾಲಿನ ಕವರ್ ಕತ್ತರಿಸಿ ಬ್ಯಾಗಿನ ಮೇಲೆ ಹೊದಿಸಿ, ಸುತ್ತ ಪಾರ್ಸಲ್ ಟೇಪ್ ಅಂಟಿಸಿಕೊಂಡು ಸ್ನಾನ ಮಾಡಿದ್ದಾರೆ. ಟೇಪ್ ಕೀಳುವಾಗ ಚರ್ಮವೂ ಕಿತ್ತು ಬಂದಿದೆ. ಸರಿ, ವಾರ್ಡಿನ ಬಚ್ಚಲಿಗೆ ಕರೆದುಕೊಂಡು ಹೋದೆ. ಸ್ಟೂಲಿನ ಮೇಲೆ ಕೂರಿಸಿ, ಬ್ಯಾಗ್ ತೆಗೆದು, ಒಂದು ಚೊಂಬು ಉಗುರುಬೆಚ್ಚಗಿನ ನೀರು ಸುರಿದೆ. ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಹೋಯ್ತಾ ಸಿಸ್ಟರ್ ಒಳಗೆ?" ಅಂದರು. "ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ? ಕರುಳು ಒಳಗಿಂದ ಹೊರಗೆ ತಳ್ಳುತ್ತೆ" ಅಂದೆ. ಹೇಳಿದ ಹಾಗೇ ತಳ್ಳಿತು ನೋಡಿ, ಸ್ವಲ್ಪ ಮಲ ಬಂತು. ಅವರು ನಾಚಿಕೊಂಡರು. ಇನ್ನೊಂದು ಚೊಂಬು ಸುರಿದೆ, ಹರಿದುಹೋಯ್ತು, ಅಷ್ಟೇ. ಆಮೇಲೆ ಚೊಂಬನ್ನು ಅವರೇ ಕಸಿದುಕೊಂಡರು. ಬಕೆಟ್ ಖಾಲಿ. ನಲ್ಲಿ ಬಿಟ್ಟು ಮತ್ತೆ ತುಂಬಿಸಿದರು. ಹೊರಗೆ ಹೆಂಡತಿ, "ಬಸ್ಸು ತಪ್ಪುತ್ತೆ ರೀ" ಅಂತ ಬಾಗಿಲು ತಟ್ಟುತ್ತಿದ್ದಾರೆ, ಇವರಿಗೆ ಕೇಳಿಸುತ್ತಲೇ ಇಲ್ಲ.

ಅಂಟಿಸುವ ಬ್ಯಾಗನ್ನು 1954ರಲ್ಲಿ ಯೋಚಿಸಿದವರು ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್. ಆಪರೇಷನ್ ಆದ ಅವರ ಒಡಹುಟ್ಟಿದವರು, ಸೋರಿದರೆ ಅನ್ನುವ ಭಯಕ್ಕೆ ಮನೆ ಬಿಟ್ಟು ಹೊರಡುತ್ತಿರಲಿಲ್ಲವಂತೆ. ಭಯ ಹೋಗಲಿ ಅಂತ ಮಾಡಿದ ಬ್ಯಾಗನ್ನೇ ಹಾಕಿಕೊಂಡು ನಾವು ಬಚ್ಚಲಿಗೆ ಹೆದರುವುದು ಏನು ಚೆನ್ನ, ಅಲ್ವಾ?

ಮೇಷ್ಟ್ರ ಕಥೆಗೇ ಸಮಯ ಜಾಸ್ತಿ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಬ್ಯಾಗ್ ಹಾಕಿಕೊಂಡೇ ಸ್ನಾನ ಮಾಡುವುದಾದರೆ ಮೊದಲು ಖಾಲಿ ಮಾಡಿ. ಗಾಳಿ ಹೋಗುವ ಫಿಲ್ಟರ್ ಇದ್ದರೆ, ಡಬ್ಬಿಯಲ್ಲಿ ಬರುವ ಸ್ಟಿಕ್ಕರ್ ಅದರ ಮೇಲೆ ಅಂಟಿಸಿ. ಕುದಿಯುವ ಹಾಗಿರುವ ನೀರು ಬೇಡ, ಅಂಟು ಬಿಡುತ್ತದೆ. ಬ್ಯಾಗ್ ಬದಲಿಸುವ ದಿನ ತೆಗೆದೇ ಸ್ನಾನ ಮಾಡಿ. ಸಣ್ಣ ಕರುಳಿನ ಸ್ಟೋಮಾ ಇರುವವರು ಬೆಳಿಗ್ಗೆ ಕಾಫಿಗೆ ಮುಂಚೆಯೇ ಮುಗಿಸಿಬಿಡಿ, ಆಗ ಮಲ ಕಡಿಮೆ. ಷವರ್ ಇದ್ದರೆ ಜೋರು ನೀರು ನೇರ ಸ್ಟೋಮಾ ಮೇಲೆ ಬೀಳದಿರಲಿ.

ದೀಪಾವಳಿಯ ಎಣ್ಣೆಸ್ನಾನ? ಮಾಡಿ! ಆದರೆ ಸ್ಟೋಮಾ ಸುತ್ತ ಎಣ್ಣೆ ಬೇಡ. ಇಳಿದು ಬಂದಿದ್ದರೆ ಸೀಗೆಪುಡಿಯಿಂದ ಉಜ್ಜಬೇಡಿ, ಸಾದಾ ಸೋಪಿನಲ್ಲಿ ತೊಳೆಯಿರಿ. ಜಿಡ್ಡಿದ್ದರೆ ಹೊಸ ಬ್ಯಾಗ್ ಕೂರುವುದಿಲ್ಲ. ಮೆತ್ತನೆ ಟವೆಲ್ಲಿನಲ್ಲಿ ಒತ್ತಿ ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಅಂಟಿಸಿ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ.

ಹೊಲಿಗೆ ಇನ್ನೂ ಬಿಚ್ಚಿಲ್ಲದವರು ಮಾತ್ರ ಡಾಕ್ಟರನ್ನು ಒಂದು ಮಾತು ಕೇಳಿ. ಉಳಿದವರೆಲ್ಲ ನಾಳೆ ಬೆಳಿಗ್ಗೆ ನೀರು ಕಾಯಿಸಿ. ನಮಸ್ಕಾರ.